ನಾಲ್ಕು ನಿಮಿಷದ ನಿಯಮ: ಒಂದು ಎಚ್ಚರಿಕೆ ಫಲಕದ ವಿಮರ್ಶೆ

ಪುಸ್ತಕಗಳನ್ನು ವಿಮರ್ಶಿಸುವುದು ವಾಡಿಕೆ. ಈ ಲೇಖನದಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಒಂದು ಎಚ್ಚರಿಕೆ ಫಲಕವನ್ನು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1980ರ ಜುಲೈ 31ರ ನಂತರ ತಯಾರಾದ, ಪೆಟ್ರೋಲ್ ಎಂಜಿನ್ನನ್ನು ಒಡಲೊಳಗೆ ಇಟ್ಟುಕೊಂಡಿರುವ ದೋಣಿಗಳಲ್ಲಿ ಚಾಲನೆಯ ಗುಂಡಿಯ ಹತ್ತಿರ ಈ ಫಲಕ ಇರಬೇಕೆಂದು ಅಲ್ಲಿನ ಕೋಸ್ಟ್ ಗಾರ್ಡ್ ನಿಯಮ ವಿಧಿಸುತ್ತದೆ. ಫಲಕದ ಸಾರಾಂಶ ಇಷ್ಟೆ: ಪೆಟ್ರೋಲಿನ ಆವಿ ಸ್ಫೋಟಿಸಬಲ್ಲದು, ಎಂಜಿನ್ ಚಾಲೂ ಮಾಡುವ ಮುನ್ನ ನಾಲ್ಕು ನಿಮಿಷ ಬ್ಲೋವರ್ ಓಡಿಸಿ, ಎಂಜಿನ್ ಕೋಣೆಯ ತಳದಲ್ಲಿ ಆವಿ ಇದೆಯೇ ಎಂದು ಪರೀಕ್ಷಿಸಿ.

ಎರಡೇ ವಾಕ್ಯಗಳ ಈ ಬರಹವನ್ನು ಅವಲಂಬಿಸಿ ಲಕ್ಷಾಂತರ ಜನ ನೀರಿಗಿಳಿದಿದ್ದಾರೆ. ಆದ್ದರಿಂದ ಇದರ ಹಿಂದಿನ ಭೌತವಿಜ್ಞಾನ ಎಷ್ಟು ಗಟ್ಟಿ, ಫಲಕ ಯಾವುದನ್ನು ಹೇಳುತ್ತದೆ, ಯಾವುದನ್ನು ಹೇಳದೆ ಬಿಡುತ್ತದೆ ಎಂದು ನೋಡುವುದು ವ್ಯರ್ಥವಲ್ಲ. ಸೂತ್ರವನ್ನು ಕಲಿಸಿ ಅದರ ಷರತ್ತುಗಳನ್ನು ಮರೆಯುವ ರೂಢಿ ನಮ್ಮ ತರಗತಿಗಳಲ್ಲೂ ಇದೆ. ಆ ರೂಢಿ ಪರೀಕ್ಷೆಯಲ್ಲಿ ಅಂಕ ಕಳೆಯದಿರಬಹುದು. ದೋಣಿಯಲ್ಲಿ ಪ್ರಾಣ ಕಳೆಯುತ್ತದೆ.

ಒಳಗಿನ ಎಂಜಿನ್, ಹೊರಗಿನ ಎಂಜಿನ್

ನಮ್ಮ ಕರಾವಳಿಯಲ್ಲಿ ಈ ಬಗೆಯ ಎಂಜಿನ್ ಅಪರೂಪ. ಮಂಗಳೂರು, ಮಲ್ಪೆಗಳ ಟ್ರಾಲರುಗಳ ಒಡಲಲ್ಲಿರುವುದು ಡೀಸೆಲ್ ಎಂಜಿನ್. ನಾಡದೋಣಿಗಳು ಬಳಸುವುದು ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್. ಔಟ್‌ಬೋರ್ಡಿನಲ್ಲಿ ಇಂಧನ ತೊಟ್ಟಿಕ್ಕಿದರೂ ಅದರ ಆವಿ ಗಾಳಿಯಲ್ಲಿ ಚದುರಿಹೋಗುತ್ತದೆ. ಕಾರಿನ ಎಂಜಿನ್ನೂ ಹಾಗೆಯೇ. ಅದರ ಅಡಿಭಾಗ ತೆರೆದಿರುವುದರಿಂದ ಭಾರವಾದ ಆವಿ ರಸ್ತೆಗೆ ಇಳಿದುಹೋಗುತ್ತದೆ. ದೋಣಿಯ ಒಡಲಾದರೋ ನೀರು ಒಳಬರದಂತೆ ಮಾಡಿದ ಬೋಗುಣಿ. ನೀರನ್ನು ಹೊರಗಿಡುವ ಅದೇ ಗುಣದಿಂದ ಅದು ಆವಿಯನ್ನು ಒಳಗೇ ಹಿಡಿದಿಡುತ್ತದೆ. ಇನ್‌ಬೋರ್ಡ್ ಪೆಟ್ರೋಲ್ ಎಂಜಿನ್ನಿನ ಇಡೀ ಸಮಸ್ಯೆ ಇರುವುದು ಇಲ್ಲಿ.

ಈ ವರ್ಗದ ಪ್ರಸಿದ್ಧ ಉದಾಹರಣೆ ಅಟಾಮಿಕ್ 4. ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್ ಊರಿನ ಯೂನಿವರ್ಸಲ್ ಮೋಟಾರ್ ಕಂಪನಿ ಇದನ್ನು 1947ರಿಂದ 1980ರ ದಶಕದ ಮಧ್ಯದವರೆಗೆ ತಯಾರಿಸಿತು. ನಾಲ್ಕು ಸಿಲಿಂಡರು, ಸುಮಾರು 1,056 ಘನ ಸೆಂ.ಮೀ. ಗಾತ್ರ, 30 ಅಶ್ವಶಕ್ತಿ. ಸುಮಾರು 40 ಸಾವಿರ ಎಂಜಿನ್‌ಗಳು ತಯಾರಾದವು ಎಂಬ ಅಂದಾಜಿದೆ. ಹಾಯಿದೋಣಿಗಳಲ್ಲಿ ಕೂತ ಇವುಗಳಲ್ಲಿ ಹಲವು ಇಂದಿಗೂ ಓಡುತ್ತಿವೆ. ಇಂಥ ದೋಣಿಗಳಲ್ಲಿ ಬಹುಪಾಲು ಮೇಲಿನ ಫಲಕ ಕಡ್ಡಾಯವಾಗುವುದಕ್ಕೆ ಮೊದಲಿನವು. ಅವುಗಳಲ್ಲಿ ಬ್ಲೋವರ್ ಇದ್ದರೆ ಅನೇಕ ಸಲ ಅದು ಮಾಲೀಕನೇ ಹಾಕಿಸಿಕೊಂಡದ್ದು. ಆತನ ಕೈಯಲ್ಲಿ ದುರಸ್ತಿಯಾಗುತ್ತ, ಸುಧಾರಣೆಯಾಗುತ್ತ ಬಂದ ಎಂಜಿನ್‌ಗಳಿವು.

ಎಷ್ಟು ಪೆಟ್ರೋಲ್ ಸಾಕು?

ಪೆಟ್ರೋಲಿನ ಆವಿ ಗಾಳಿಯ ಜೊತೆ ಗಾತ್ರದಲ್ಲಿ ಸುಮಾರು ಶೇ. 1.4ರಿಂದ 7.6ರವರೆಗೆ ಬೆರೆತಾಗ ಹೊತ್ತಿಕೊಳ್ಳಬಲ್ಲದು. ಕೆಳಮಿತಿಗಿಂತ ಕಡಿಮೆಯಿದ್ದರೆ ಇಂಧನ ಸಾಲದು. ಮೇಲ್ಮಿತಿಗಿಂತ ಹೆಚ್ಚಿದ್ದರೆ ಆಕ್ಸಿಜನ್ ಸಾಲದು. ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಪೆಟ್ರೋಲಿನ ಫ್ಲ್ಯಾಶ್ ಪಾಯಿಂಟ್, ಅಂದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ಕನಿಷ್ಠ ತಾಪ, ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ಡೀಸೆಲ್ಲಿಗೆ ಅದು ಸೊನ್ನೆಗಿಂತ 50 ಡಿಗ್ರಿಗೂ ಮೇಲೆ. ಸಾಮಾನ್ಯ ಹವೆಯಲ್ಲಿ ಚೆಲ್ಲಿದ ಡೀಸೆಲ್ ಕೆಳಮಿತಿಯನ್ನು ಮುಟ್ಟುವಷ್ಟು ಆವಿ ಕೊಡುವುದಿಲ್ಲ. ಪೆಟ್ರೋಲ್ ಎಲ್ಲ ಕಾಲದಲ್ಲೂ ಕೊಡುತ್ತದೆ.

ಈಗ ಒಂದು ಲೆಕ್ಕ. ಎಂಜಿನ್ ಕೋಣೆಯ ಗಾತ್ರ 50 ಘನ ಅಡಿ, ಅಂದರೆ ಸುಮಾರು 1,400 ಲೀಟರ್ ಎಂದಿರಲಿ. ಅದರ ಶೇ. 1.4 ಎಂದರೆ 20 ಲೀಟರ್ ಆವಿ. ಒಂದು ಮೋಲ್ ಆವಿ ಸುಮಾರು 24.5 ಲೀಟರ್ ಆಕ್ರಮಿಸುತ್ತದೆ. ಅದರ ರಾಶಿಯನ್ನು 90 ಗ್ರಾಂ ಎಂದು ಹಿಡಿದರೆ 20 ಲೀಟರ್ ಆವಿಯ ರಾಶಿ 70ರಿಂದ 75 ಗ್ರಾಂ. ದ್ರವರೂಪದಲ್ಲಿ ಇದು ಸುಮಾರು 100 ಮಿಲಿಲೀಟರ್. ಒಂದು ಲೋಟ ಕಾಫಿಗಿಂತ ಕಡಿಮೆ! ಆವಿ ಕೋಣೆಯ ತುಂಬ ಹರಡದೆ ತಳದ ಹತ್ತನೆಯ ಒಂದು ಭಾಗದಲ್ಲಿ ಮಾತ್ರ ನಿಂತಿದ್ದರೆ ಆ ಪದರ ಹೊತ್ತಿಕೊಳ್ಳಲು 10 ಮಿಲಿಲೀಟರ್, ಅಂದರೆ ಎರಡು ಟೀ ಚಮಚ ಪೆಟ್ರೋಲ್ ಸಾಕು.

ಹೊತ್ತಿಸಲು ಬೇಕಾದ ಶಕ್ತಿಯಾದರೂ ಎಷ್ಟು? ಅನುಕೂಲವಾದ ಮಿಶ್ರಣಕ್ಕೆ ಸುಮಾರು ಕಾಲು ಮಿಲಿಜೂಲ್. ಒಂದು ಗ್ರಾಂ ತೂಕವನ್ನು ಎರಡೂವರೆ ಸೆಂಟಿಮೀಟರ್ ಮೇಲೆತ್ತುವ ಕೆಲಸಕ್ಕೆ ಇದು ಸಮ. ಸ್ಟಾರ್ಟರ್ ಮೋಟಾರಿನ ಬ್ರಷ್ಷಿನಲ್ಲಿ, ಸ್ವಿಚ್ಚಿನ ಸಂಪರ್ಕಗಳಲ್ಲಿ ಕಾಣುವ ಕಿಡಿಗೆ ಇದಕ್ಕಿಂತ ಎಷ್ಟೋ ಹೆಚ್ಚು ಶಕ್ತಿ ಇರುತ್ತದೆ. ಹೊತ್ತಿಕೊಂಡ ಮೇಲೆ ಮುಚ್ಚಿದ ಪಾತ್ರೆಯಲ್ಲಿ ಒತ್ತಡ ವಾತಾವರಣದ ಏಳೆಂಟು ಪಟ್ಟು ಏರಬಲ್ಲದು. ಅಷ್ಟು ಬೇಕಾಗಿಯೂ ಇಲ್ಲ. ವಾತಾವರಣದ ಹತ್ತನೆಯ ಒಂದು ಭಾಗದಷ್ಟು ಹೆಚ್ಚುವರಿ ಒತ್ತಡವೇ ಪ್ರತಿ ಚದರ ಮೀಟರಿನ ಮೇಲೆ ಒಂದು ಟನ್ ಭಾರ ಹೇರಿದಂತೆ.

ಎರಡು ಚಮಚ ಇಂಧನ, ಕಾಲು ಮಿಲಿಜೂಲ್ ಶಕ್ತಿ: ಫಲಕದ ಮೊದಲ ವಾಕ್ಯದಲ್ಲಿ ಅತಿಶಯೋಕ್ತಿ ಏನೂ ಇಲ್ಲ.

ನಾಲ್ಕು ನಿಮಿಷದ ಲೆಕ್ಕ

ಎರಡನೆಯ ವಾಕ್ಯಕ್ಕೆ ಬರೋಣ. ನಾಲ್ಕೇ ನಿಮಿಷ ಏಕೆ? ಇದೇ ನಿಯಮಾವಳಿ ಬ್ಲೋವರಿನ ಸಾಮರ್ಥ್ಯವನ್ನೂ ನಿಗದಿ ಮಾಡುತ್ತದೆ. 34ರಿಂದ 100 ಘನ ಅಡಿಯವರೆಗಿನ ಕೋಣೆಗೆ, ಕೊಳವೆಗಳನ್ನೆಲ್ಲ ಜೋಡಿಸಿದ ಮೇಲೆ, ನಿಮಿಷಕ್ಕೆ ಕೋಣೆಯ ಗಾತ್ರದ ಕನಿಷ್ಠ 0.6 ಪಟ್ಟು ಗಾಳಿ ಹೊರಹೋಗಬೇಕು. ಅಂದರೆ ನಾಲ್ಕು ನಿಮಿಷದಲ್ಲಿ ಕೋಣೆಯ 2.4 ಪಟ್ಟು ಗಾಳಿ ಬದಲಾಗುತ್ತದೆ.

'ಎರಡು ಪಟ್ಟಿಗಿಂತ ಹೆಚ್ಚು ಗಾಳಿ ಬದಲಾಯಿತಲ್ಲ, ಆವಿ ಪೂರ್ತಿ ಹೋಗಿರಬೇಕು' ಎಂದು ವಿದ್ಯಾರ್ಥಿಗಳು ಹೇಳುವುದುಂಟು. ಅದು ಸರಿಯಲ್ಲ. ಒಳಬಂದ ಹೊಸ ಗಾಳಿ ಹಳೆಯದರ ಜೊತೆ ಬೆರೆಯುತ್ತದೆ. ಹೊರಹೋಗುವುದು ಈ ಬೆರಕೆ. ಹೀಗಾಗಿ ಕೋಣೆಯ ಗಾತ್ರದಷ್ಟು ಗಾಳಿ ಒಮ್ಮೆ ಹಾದುಹೋದಾಗ ಆವಿ ಶೇ. 37ಕ್ಕೆ ಇಳಿಯುತ್ತದೆ, ಸೊನ್ನೆಗಲ್ಲ. ಇದು ಘಾತೀಯ ಇಳಿಕೆ. ವಿಕಿರಣಪಟು ವಸ್ತುವಿನ ಕ್ಷಯಕ್ಕೂ ಕೆಪಾಸಿಟರಿನ ವಿಸರ್ಜನೆಗೂ ಇರುವ ನಿಯಮವೇ ಇದಕ್ಕೂ ಇದೆ. ಗಾಳಿ 2.4 ಪಟ್ಟು ಬದಲಾದಾಗ ಉಳಿಯುವುದು ಮೊದಲಿನ ಶೇ. 9.

ಮೊದಲು ಶೇ. 10 ಆವಿ ಇತ್ತೆಂದರೆ ನಾಲ್ಕು ನಿಮಿಷದ ಕೊನೆಗೆ ಶೇ. 0.9 ಉಳಿಯುತ್ತದೆ. ಇದು ಕೆಳಮಿತಿಯಾದ ಶೇ. 1.4ಕ್ಕಿಂತ ಕಡಿಮೆ. ಆದ್ದರಿಂದ ನಾಲ್ಕು ನಿಮಿಷ ಎಂಬ ಸಂಖ್ಯೆ ಕಣ್ಣುಮುಚ್ಚಿ ಬರೆದದ್ದಲ್ಲ. ಕೆಟ್ಟ ಸ್ಥಿತಿಯಿಂದ ಸುರಕ್ಷಿತ ಸ್ಥಿತಿಗೆ ತರಲು ಸಾಕಾಗುವ ಕಾಲ ಅದು. ಇಷ್ಟರ ಮಟ್ಟಿಗೆ ಫಲಕ ಪ್ರಶಂಸೆಗೆ ಅರ್ಹ.

ಇದೇ ಲೆಕ್ಕದಲ್ಲಿ ಇನ್ನೊಂದು ಸತ್ಯವೂ ಅಡಗಿದೆ. ಶೇ. 10 ಇದ್ದಾಗ ಮಿಶ್ರಣದಲ್ಲಿ ಇಂಧನ ಅತಿಯಾಗಿ, ಅದು ಹೊತ್ತಿಕೊಳ್ಳುತ್ತಿರಲಿಲ್ಲ. ಬ್ಲೋವರ್ ಹಾಕಿದ ಸುಮಾರು ಅರ್ಧ ನಿಮಿಷಕ್ಕೆ ಆವಿ ಶೇ. 7.6ಕ್ಕೆ ಇಳಿದು ದಹನಶೀಲ ವಲಯವನ್ನು ಪ್ರವೇಶಿಸುತ್ತದೆ. ಶೇ. 1.4ಕ್ಕೆ ಇಳಿದು ಅದರಿಂದ ಹೊರಬರುವುದು ಸುಮಾರು ಮೂರೂಕಾಲು ನಿಮಿಷಕ್ಕೆ. ನಾಲ್ಕು ನಿಮಿಷಗಳ ಮುಕ್ಕಾಲು ಪಾಲು ಹತ್ತಿರ ಕೋಣೆ ಅತ್ಯಂತ ಅಪಾಯದ ಸ್ಥಿತಿಯಲ್ಲಿರುತ್ತದೆ! ಅವಸರದಿಂದ ಎರಡನೆಯ ನಿಮಿಷಕ್ಕೇ ಚಾಲೂ ಮಾಡುವವನು ಬ್ಲೋವರ್ ಹಾಕದವನಿಗಿಂತ ಹೆಚ್ಚಿನ ಅಪಾಯಕ್ಕೆ ಕೈಹಾಕಿರಬಹುದು. 'ಸ್ವಲ್ಪ ಹೊತ್ತಾದರೂ ಓಡಿಸಿದೆನಲ್ಲ' ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ. ಫಲಕ ಈ ಮಾತನ್ನು ಹೇಳುವುದಿಲ್ಲ.

ಫಲಕ ಹೇಳದ ಮೂರು ಷರತ್ತುಗಳು

ಶೇ. 9ರ ಲೆಕ್ಕ ಮೂರು ಷರತ್ತುಗಳ ಮೇಲೆ ನಿಂತಿದೆ.

ಮೊದಲನೆಯದು, ಬ್ಲೋವರ್ ನಿಜಕ್ಕೂ ಅಷ್ಟು ಗಾಳಿ ಎಳೆಯುತ್ತಿದೆ ಎಂಬುದು. ಕೊಳವೆ ಹರಿದಿದ್ದರೆ, ಸಾಮಾನಿನ ಕೆಳಗೆ ಸಿಕ್ಕಿ ಚಪ್ಪಟೆಯಾಗಿದ್ದರೆ, ಬ್ಯಾಟರಿ ಬಲಗುಂದಿದ್ದರೆ ಸದ್ದು ಬರುತ್ತದೆ, ಗಾಳಿ ಬರುವುದಿಲ್ಲ. ಹರಿವು ಅರ್ಧಕ್ಕೆ ಇಳಿದರೆ ನಾಲ್ಕು ನಿಮಿಷದ ಕೊನೆಗೆ ಶೇ. 9ರ ಬದಲು ಶೇ. 30 ಉಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಶೇ. 3 ಆವಿ, ಅಂದರೆ ದಹನಶೀಲ ವಲಯದ ನಡುವೆಯೇ. ಸುರಕ್ಷಿತ ಮಟ್ಟ ಮುಟ್ಟಲು ಆಗ ಆರೂವರೆ ನಿಮಿಷಕ್ಕೂ ಹೆಚ್ಚು ಬೇಕು. ಬ್ಲೋವರಿನ ಪರೀಕ್ಷೆ ಕಿವಿಯಿಂದಲ್ಲ, ಹೊರಬಾಯಿಗೆ ಅಂಗೈ ಹಿಡಿದು ಆಗಬೇಕು.

ಎರಡನೆಯದು, ಆವಿ ಚೆನ್ನಾಗಿ ಬೆರೆತಿದೆ ಎಂಬುದು. ಭಾರವಾದ ಆವಿ ತಾನಾಗಿ ಮೇಲೇಳುವುದಿಲ್ಲ. ಬ್ಲೋವರಿನ ಹೀರುಬಾಯಿ ಮೇಲಿದ್ದರೆ ಅದು ಶುದ್ಧ ಗಾಳಿಯನ್ನೇ ಎಳೆದು ಹೊರಹಾಕುತ್ತ ಕೂರುತ್ತದೆ. ಇದನ್ನು ಬಲ್ಲ ನಿಯಮಕಾರರು ಹೀರುಬಾಯಿ ಕೋಣೆಯ ಕೆಳಗಿನ ಮೂರನೆಯ ಒಂದು ಭಾಗದಲ್ಲಿ, ಆದರೆ ತಳದಲ್ಲಿ ನಿಲ್ಲುವ ನೀರಿನ ಮಟ್ಟಕ್ಕಿಂತ ಮೇಲೆ ಇರಬೇಕೆಂದು ಹೇಳಿದ್ದಾರೆ. ನೀರು ಏರಿ ಬಾಯಿ ಮುಳುಗಿದರೆ ಹರಿವು ನಿಂತಂತೆಯೇ. ತಳದ ನೀರನ್ನು ಆಗಾಗ ತೆಗೆಯುವುದು ಕೂಡ ಸ್ಫೋಟದಿಂದ ರಕ್ಷಣೆಯ ಭಾಗವಾಗುವುದು ಹೀಗೆ.

ಮೂರನೆಯದೇ ಮುಖ್ಯ. ಸೋರಿಕೆ ನಿಂತಿದೆ ಎಂದು ಲೆಕ್ಕ ಭಾವಿಸಿಕೊಂಡಿದೆ. ಕಾರ್ಬುರೇಟರಿನಿಂದ ನಿಮಿಷಕ್ಕೆ 5 ಮಿಲಿಲೀಟರ್ ತೊಟ್ಟಿಕ್ಕುತ್ತಲೇ ಇದೆ ಎಂದುಕೊಳ್ಳಿ. ಅದರಿಂದ ಬರುವ ಆವಿ ನಿಮಿಷಕ್ಕೆ ಸುಮಾರು ಒಂದು ಲೀಟರ್. ಬ್ಲೋವರ್ ಎಳೆಯುವ ಗಾಳಿ 850 ಲೀಟರ್. ಬ್ಲೋವರ್ ಓಡುವಷ್ಟು ಹೊತ್ತು ಆವಿ ಶೇ. 0.12ರ ಆಸುಪಾಸು ನಿಲ್ಲುತ್ತದೆ. ಎಲ್ಲ ಸರಿಯಾಗಿದೆ ಎಂದೇ ಕಾಣುತ್ತದೆ. ಬ್ಲೋವರ್ ನಿಲ್ಲಿಸಿದ ಎರಡೇ ನಿಮಿಷಕ್ಕೆ ತಳದ ಪದರ, ಇಪ್ಪತ್ತು ನಿಮಿಷಕ್ಕೆ ಇಡೀ ಕೋಣೆ ಕೆಳಮಿತಿಯನ್ನು ಮುಟ್ಟುತ್ತದೆ. ಬ್ಲೋವರ್ ಸೋರಿಕೆಯನ್ನು ಗುಣಪಡಿಸುವುದಿಲ್ಲ, ಮರೆಮಾಚುತ್ತದೆ. ಹಾಯಿದೋಣಿಯಲ್ಲಿ ಇದು ಬರಿಯ ಊಹೆಯಲ್ಲ. ಬಂದರಿನಿಂದ ಎಂಜಿನ್ ಬಲದಲ್ಲಿ ಹೊರಬಂದು, ಹಾಯಿ ಬಿಚ್ಚಿ, ಎಂಜಿನ್ ಮತ್ತು ಬ್ಲೋವರ್ ಎರಡನ್ನೂ ಆರಿಸಿ, ಮರಳುವಾಗ ಮತ್ತೆ ಚಾಲೂ ಮಾಡುವುದು ಅಲ್ಲಿನ ನಿತ್ಯಕ್ರಮ.

ಮರೆತುಹೋದ ಅರ್ಧ

ಫಲಕದ ಎರಡನೆಯ ವಾಕ್ಯಕ್ಕೆ ಎರಡು ಭಾಗಗಳಿವೆ: ಓಡಿಸಿ, ಪರೀಕ್ಷಿಸಿ. ಜನರ ಬಾಯಲ್ಲಿ ಉಳಿಯುವುದು 'ನಾಲ್ಕು ನಿಮಿಷ' ಮಾತ್ರ. ಸಂಖ್ಯೆಗೆ ಇರುವ ಆಕರ್ಷಣೆಯೇ ಅಂಥದು. ಆದರೆ ಮೇಲಿನ ಮೂರು ಷರತ್ತುಗಳಲ್ಲಿ ಯಾವುದು ಮುರಿದಿದ್ದರೂ ಅದನ್ನು ಪತ್ತೆ ಮಾಡಬಲ್ಲುದು ಎರಡನೆಯ ಭಾಗವೊಂದೇ.

ಪರೀಕ್ಷೆಗೆ ಬೇಕಾದ ಮೊದಲ ಉಪಕರಣ ಮೂಗು. ಗಾಳಿಯಲ್ಲಿ ಮಿಲಿಯನ್ನಿಗೆ ಕೆಲವೇ ಭಾಗ ಪೆಟ್ರೋಲ್ ಇದ್ದರೂ ಮೂಗು ಗುರುತಿಸುತ್ತದೆ. ಕೆಳಮಿತಿಯೋ ಮಿಲಿಯನ್ನಿಗೆ 14,000 ಭಾಗ. ಇಷ್ಟು ಸೂಕ್ಷ್ಮವಾದ ಸಾಧನಕ್ಕೂ ಎರಡು ದೋಷಗಳಿವೆ. ವಾಸನೆಗೆ ಅದು ಬೇಗ ಒಗ್ಗಿಹೋಗುತ್ತದೆ; ಮತ್ತು ಅದು ಇರುವುದು ನಿಂತ ಮನುಷ್ಯನ ಮುಖದಲ್ಲಿ, ಆವಿ ಇರುವುದು ದೋಣಿಯ ತಳದಲ್ಲಿ. ಮುಚ್ಚಳ ತೆಗೆದು, ಬಗ್ಗಿ, ತಳದ ಹತ್ತಿರ ಮೂಸಬೇಕು. ತಳದಲ್ಲಿ ಅಳವಡಿಸುವ ಆವಿ ಸಂವೇದಕಗಳು ಇದಕ್ಕೆ ಸಹಾಯಕ, ಬದಲಿಯಲ್ಲ.

ಪರೀಕ್ಷೆಯ ಕ್ರಮವನ್ನೂ ಪ್ರಶ್ನಿಸಬೇಕಾಗಿದೆ. ಬ್ಲೋವರ್ ಓಡಿದ ನಂತರ ಮಾತ್ರ ಮೂಸಿದರೆ ನಿಮಿಷಕ್ಕೆ 5 ಮಿಲಿಲೀಟರಿನ ಸೋರಿಕೆ ಮಂಕಾಗಿ ಕಾಣುತ್ತದೆ. ಮೊದಲೇ ಮೂಸಿದ್ದರೆ ಅದು ಎದ್ದು ಕಾಣುತ್ತಿತ್ತು. ಮೊದಲು ಪರೀಕ್ಷಿಸಿ, ಅನಂತರ ಓಡಿಸಿ, ಮತ್ತೊಮ್ಮೆ ಪರೀಕ್ಷಿಸಿ ಎಂದಿರಬೇಕಿತ್ತು. ಮೊದಲ ಪರೀಕ್ಷೆಯಲ್ಲೇ ವಾಸನೆ ಬಂದರೆ ಅದು ನಾಲ್ಕು ನಿಮಿಷದ ಪ್ರಶ್ನೆಯಲ್ಲ. ಯಾವ ಸ್ವಿಚ್ಚನ್ನೂ ಮುಟ್ಟದೆ, ಮುಚ್ಚಳಗಳನ್ನು ತೆರೆದಿಟ್ಟು, ಜನರನ್ನು ದೋಣಿಯಿಂದ ಇಳಿಸಿ, ಆವಿ ಚದುರಿದ ಮೇಲೆ ಸೋರಿಕೆಯ ಮೂಲ ಹುಡುಕಬೇಕು. ಅಡಿಗೆ ಅನಿಲ ಸೋರಿದಾಗ ನಮ್ಮ ಮನೆಗಳಲ್ಲಿ ಹೇಳುವ ಮಾತೂ ಇದೇ ಅಲ್ಲವೆ? ಆ ಅನಿಲವೂ ಗಾಳಿಗಿಂತ ಭಾರ. ಅದೂ ನೆಲ ಹಿಡಿದು ಹರಿಯುತ್ತದೆ.

ಸುಧಾರಣೆ ಎಂಬ ಅಪಾಯ

ಹಳೆಯ ಎಂಜಿನ್ನನ್ನು ಇಟ್ಟುಕೊಂಡವರು ಅದನ್ನು ಉತ್ತಮಪಡಿಸಲು ನೋಡುವುದು ಸಹಜ. ಆ ಸುಧಾರಣೆ ಮೇಲಿನ ಷರತ್ತುಗಳಲ್ಲಿ ಯಾವುದನ್ನಾದರೂ ಮುರಿಯುತ್ತದೆಯೇ ಅಥವಾ ಹೊಸ ಕಿಡಿಯನ್ನು ಒಳತರುತ್ತದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಇಂಧನ ಪಂಪನ್ನು ನೋಡಿ. ಅಟಾಮಿಕ್ 4ರಲ್ಲಿ ಮೂಲತಃ ಇದ್ದದ್ದು ಎಂಜಿನ್ನೇ ನಡೆಸುವ ಯಾಂತ್ರಿಕ ಪಂಪು. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಅನೇಕರು ಇದರ ಬದಲು ವಿದ್ಯುತ್ ಪಂಪು ಹಾಕುತ್ತಾರೆ. ಚಾಲೂ ಮಾಡುವುದು ಸುಲಭವಾಗುತ್ತದೆ, ನಿಜ. ಆದರೆ ಎಂಜಿನ್ ತಾನಾಗಿ ನಿಂತು, ಕೀಲಿ ಹಾಗೇ ಉಳಿದು, ಕಾರ್ಬುರೇಟರಿನ ಫ್ಲೋಟ್ ವಾಲ್ವ್ ಕಸಕ್ಕೆ ಸಿಕ್ಕಿ ತೆರೆದೇ ಇದ್ದರೆ ಪಂಪು ಪೆಟ್ರೋಲನ್ನು ದೋಣಿಯ ತಳಕ್ಕೆ ಸುರಿಯುತ್ತಲೇ ಹೋಗುತ್ತದೆ. ಎಂಜಿನ್ ಓಡುವಾಗ ಅಥವಾ ಚಾಲೂ ಮಾಡುವಾಗ ಮಾತ್ರ ವಿದ್ಯುತ್ ಪಂಪು ಕೆಲಸ ಮಾಡಬೇಕೆಂದು ನಿಯಮ ಹೇಳುವುದು ಅದಕ್ಕಾಗಿಯೇ. ಎಣ್ಣೆಯ ಒತ್ತಡದಿಂದ ನಡೆಯುವ ಸ್ವಿಚ್ಚನ್ನು ಪಂಪಿನ ವಿದ್ಯುತ್ ಮಾರ್ಗದಲ್ಲಿ ಸೇರಿಸಿದರೆ ಇದು ಸಾಧ್ಯ: ಎಂಜಿನ್ ನಿಂತಿತು, ಎಣ್ಣೆಯ ಒತ್ತಡ ಇಳಿಯಿತು, ಪಂಪು ನಿಂತಿತು. ಆ ಸ್ವಿಚ್ಚು ಕೆಟ್ಟಾಗ ಅದನ್ನು ಬಿಟ್ಟು ನೇರ ತಂತಿ ಎಳೆಯುವುದು ರಿಪೇರಿ ಅಲ್ಲ, ಒಂದು ರಕ್ಷಣೆಯನ್ನು ಕಿತ್ತುಹಾಕುವುದು.

ಕಾರಿನ ಬಿಡಿಭಾಗಗಳದು ಇನ್ನೊಂದು ಕಥೆ. ಕಾರಿನ ಆಲ್ಟರ್ನೇಟರು, ಸ್ಟಾರ್ಟರು, ಡಿಸ್ಟ್ರಿಬ್ಯೂಟರು ಅಗ್ಗ. ನೋಡಲು ದೋಣಿಯವುಗಳಂತೆಯೇ ಇರುತ್ತವೆ. ದೋಣಿಯ ಭಾಗಗಳು ಒಂದು ಕಠಿಣ ಪರೀಕ್ಷೆ ದಾಟಿರಬೇಕು: ಸುತ್ತಲೂ ಶೇ. 4.25ರಿಂದ 5.25ರಷ್ಟು ಪ್ರೊಪೇನ್ ಬೆರೆತ ಗಾಳಿಯಲ್ಲಿ ಕೆಲಸ ಮಾಡುವಾಗ ಅವು ಆ ಮಿಶ್ರಣವನ್ನು ಹೊತ್ತಿಸಬಾರದು. ಬೆಲೆಯ ವ್ಯತ್ಯಾಸ ಈ ಕಣ್ಣಿಗೆ ಕಾಣದ ಗುಣಕ್ಕೆ ಸಲ್ಲುತ್ತದೆ. ಕಾರ್ಬುರೇಟರಿಗೂ ಮಿತಿಯಿದೆ. ಫ್ಲೋಟ್ ವಾಲ್ವ್ ತೆರೆದೇ ಇದ್ದಾಗಲೂ 30 ಸೆಕೆಂಡಿನಲ್ಲಿ 5 ಘನ ಸೆಂ.ಮೀ.ಗಿಂತ ಹೆಚ್ಚು ಸೋರಬಾರದು. ಆ ಮಿತಿಯೂ ಉದಾರವಾದದ್ದೆ. ಒಂದು ನಿಮಿಷಕ್ಕೆ 10 ಮಿಲಿಲೀಟರ್ ಆಗುತ್ತದೆ, ನಮ್ಮ ಎರಡು ಚಮಚ!

ಕಾರ್ಬುರೇಟರಿನ ಬಾಯಿಗೆ ಹಾಕುವ ಜ್ವಾಲಾರೋಧಕವನ್ನು ಗಾಳಿಯ ಸೋಸುಕ ಎಂದು ತಿಳಿದು ಕಿತ್ತುಹಾಕುವವರಿದ್ದಾರೆ. ಎಂಜಿನ್ ಹಿಮ್ಮುಖವಾಗಿ ಬೆಂಕಿ ಉಗುಳಿದಾಗ ಜ್ವಾಲೆ ಲೋಹದ ಸಂದುಗಳ ಮೂಲಕ ಹಾಯುತ್ತ ಶಾಖ ಕಳೆದುಕೊಂಡು ನಂದಿಹೋಗುತ್ತದೆ. 1815ರಲ್ಲಿ ಹಂಫ್ರಿ ಡೇವಿ ಗಣಿಗಾರರ ದೀಪಕ್ಕೆ ಬಳಸಿದ ತತ್ತ್ವವೇ ಇದು. 1940ರ ಏಪ್ರಿಲ್ 25ರ ನಂತರ ಅಳವಡಿಸಿದ ಎಂಜಿನ್‌ಗಳಿಗೆ ಅಮೆರಿಕದಲ್ಲಿ ಇಂಥ ವ್ಯವಸ್ಥೆ ಕಡ್ಡಾಯ. ಎಣ್ಣೆ, ಮಸಿ ಕಟ್ಟಿ ಅದು ಉಸಿರುಕಟ್ಟಿದರೆ ತೊಳೆಯಬೇಕು, ತೆಗೆದುಹಾಕಬಾರದು.

ಸಮುದ್ರದ ನೀರಿನ ಬದಲು ಮುಚ್ಚಿದ ಮಂಡಲದಲ್ಲಿ ಸಿಹಿನೀರು ಸುತ್ತಿಸುವುದು ನಿರಪಾಯಕರ ಸುಧಾರಣೆಗಳಲ್ಲಿ ಒಂದು. ಲವಣ ಕಟ್ಟದಿರಲೆಂದು ಸುಮಾರು 60 ಡಿಗ್ರಿಯಲ್ಲಿ ತಂಪಾಗಿಡುತ್ತಿದ್ದ ಎಂಜಿನ್ನನ್ನು ಆಗ ಅದಕ್ಕೆ ಒಗ್ಗುವ ಹೆಚ್ಚಿನ ತಾಪದಲ್ಲಿ ಓಡಿಸಬಹುದು. ಇದು ಇಂಧನದ ಮಾರ್ಗವನ್ನೂ ಕಿಡಿಯ ಮಾರ್ಗವನ್ನೂ ಮುಟ್ಟುವುದಿಲ್ಲ. ಎಥನಾಲ್ ಬೆರೆತ ಪೆಟ್ರೋಲ್ ಬಳಸುವಾಗ ಮಾತ್ರ ಹಳೆಯ ರಬ್ಬರ್ ಕೊಳವೆಗಳ ಮೇಲೆ ಕಣ್ಣಿರಬೇಕು. ಎಥನಾಲ್ ತೇವವನ್ನು ಹೀರುತ್ತದೆ. ಅದಕ್ಕಾಗಿ ತಯಾರಿಸದ ಕೊಳವೆಯನ್ನು ಕೆಡಿಸುತ್ತದೆ.

ಫಲಕದಲ್ಲಿ ಇಲ್ಲದ ಇನ್ನೊಂದು ಅನಿಲ

ಮೂಗಿಗೆ ನಿಲುಕದ ಅಪಾಯವೊಂದಿದೆ, ಕಾರ್ಬನ್ ಮಾನಾಕ್ಸೈಡ್. ಇದರ ಅಣುರಾಶಿ 28. ಗಾಳಿಯ ಸರಾಸರಿ 29. ಆದ್ದರಿಂದ ಇದು ತಳಕ್ಕೆ ಇಳಿಯದೆ ಗಾಳಿಯಲ್ಲಿ ಸಮನಾಗಿ ಬೆರೆಯುತ್ತದೆ. ತಳದ ಆವಿಗೆಂದು ಇಟ್ಟ ಹೀರುಬಾಯಿ ಇದನ್ನು ಹುಡುಕಿಕೊಂಡು ಹೋಗದು. ನಿಷ್ಕಾಸ ಕೊಳವೆಯ ಬಿರುಕು ಮಲಗುವ ಕೋಣೆಯನ್ನು ವಿಷಮಯ ಮಾಡಬಲ್ಲದು. ಮಾನಾಕ್ಸೈಡ್ ಸಂವೇದಕ ಮತ್ತು ನಿಷ್ಕಾಸ ಮಾರ್ಗದ ವಾರ್ಷಿಕ ಪರಿಶೀಲನೆ ಇವೇ ಇದಕ್ಕೆ ಉತ್ತರ. ಅಂಗಡಿಯೊಳಗೆ ಪೆಟ್ರೋಲ್ ಜನರೇಟರ್ ಇಟ್ಟು ಬಾಗಿಲು ಹಾಕಿಕೊಳ್ಳುವವರು ನಮ್ಮಲ್ಲೂ ಇದ್ದಾರೆ. ಅವರಿಗೂ ಈ ಮಾತು ಅನ್ವಯಿಸುತ್ತದೆ.

ತೀರ್ಮಾನ

ಒಟ್ಟಿನಲ್ಲಿ ಈ ಫಲಕ ಒಳ್ಳೆಯ ಬರಹವೇ. ಅದರ ಸಂಖ್ಯೆಗೆ ಆಧಾರವಿದೆ, ಪರೀಕ್ಷೆಯ ಮಾತೂ ಇದೆ. ಆದರೆ ಪರೀಕ್ಷೆಯನ್ನು ಕೊನೆಗೆ ತಳ್ಳಿದ್ದು ಅದರ ದೋಷ. ಸಂಖ್ಯೆಯನ್ನು ಮಂತ್ರವಾಗಿಸಿ ಪರೀಕ್ಷೆಯನ್ನು ಮರೆತದ್ದು ಓದುಗರ ದೋಷ. ಡೀಸೆಲ್ಲಿಗೆ ಬದಲಾಯಿಸಿದರೆ ಮುಗಿಯಿತು ಎನ್ನುವವರ ಮಾತಿನಲ್ಲಿ ಸತ್ಯವಿದೆ. ಆದರೆ ಅಡಿಗೆಗೆ ಅನಿಲ ಬಳಸುವ ಡೀಸೆಲ್ ದೋಣಿಯಲ್ಲೂ ಬೋಗುಣಿಯ ತಳ ಹಾಗೇ ಇರುತ್ತದೆ.

ಅಧ್ಯಾಪಕರು ಇದನ್ನು ತರಗತಿಯಲ್ಲಿ ಪೆಟ್ರೋಲ್ ಇಲ್ಲದೆಯೇ ತೋರಿಸಬಹುದು, ಪೆಟ್ರೋಲ್ ಬಳಸಲೇಬಾರದು. ಒಂದು ಲೀಟರ್ ನೀರಿಗೆ ಶಾಯಿ ಬೆರೆಸಿ. 100 ಮಿಲಿಲೀಟರ್ ತೆಗೆದು ಅಷ್ಟೇ ಶುದ್ಧ ನೀರು ಹಾಕಿ ಕಲಕಿ. ಹತ್ತು ಬಾರಿ ಮಾಡಿದಾಗ ಒಂದು ಲೀಟರ್ ನೀರು ಬದಲಾಗಿರುತ್ತದೆ, ಆದರೂ ಶೇ. 35 ಶಾಯಿ ಉಳಿದಿರುತ್ತದೆ. ಇಪ್ಪತ್ನಾಲ್ಕು ಬಾರಿಗೆ ಶೇ. 8. ಅನಂತರ ಶಾಯಿಗೆ ಉಪ್ಪು ಸೇರಿಸಿ ಭಾರವಾಗಿಸಿ, ಶುದ್ಧ ನೀರಿನ ತಳಕ್ಕೆ ನಿಧಾನವಾಗಿ ಇಳಿಸಿ. ಕಲಕದೆ ಮೇಲಿನಿಂದಲೇ ನೀರು ತೆಗೆದು ಮೇಲಿನಿಂದಲೇ ಹಾಕುತ್ತ ಹೋಗಿ. ಎಷ್ಟು ಬಾರಿ ಮಾಡಿದರೂ ಬಣ್ಣ ತಳದಲ್ಲೇ ಕೂತಿರುತ್ತದೆ. ಹೀರುಬಾಯಿ ಎಲ್ಲಿರಬೇಕೆಂದು ವಿದ್ಯಾರ್ಥಿಗಳೇ ಹೇಳುತ್ತಾರೆ. ಮೊದಲ ಪ್ರಯೋಗದ ಸೂತ್ರ ಎರಡನೆಯದಕ್ಕೆ ಏಕೆ ಒಗ್ಗಲಿಲ್ಲ ಎಂದು ಆಗ ಕೇಳಿ. ಯಾವುದೇ ಸುರಕ್ಷಾ ನಿಯಮವನ್ನು ಕೇಳಬೇಕಾದ ಪ್ರಶ್ನೆಯೂ ಅದೇ.